ತಾರ್ಲೆ ಬೇಲೆಯನ್ನು ಹುಡುಕಿದವರು

ಅಲ್ಲ, ಬೆಳಗ್ಗೆ ಇರಲಿಕ್ಕಿಲ್ಲ. ಬೆಳಗ್ಗೆಯಾಗಿದ್ದರೆ ಕಿಟಕಿಯ ಬಿಸಿಲು ನೇರ ಕಂಪ್ಯೂಟರಿನ ಪರದೆಯ ಮೇಲೆ ಬಿದ್ದು ನನಗೆ ಒಂದು ಅಕ್ಷರವೂ ಕಾಣುತ್ತಿರಲಿಲ್ಲ. ಆದರೆ ನೆನಪಿನಲ್ಲಿ ಆ ಎರಡು ಪದಗಳು ಬಿಸಿಲಿನಲ್ಲೇ ಇವೆ. ಒಂದೋ ಬಿಸಿಲು ಸುಳ್ಳು, ಇಲ್ಲವೇ ಪದಗಳು ಸುಳ್ಳು. ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಎಷ್ಟೋ ಸಲ ನೋಡಿದ್ದೇನೆ, ಆಗಿಲ್ಲ. ಹೆದರಿಕೆಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ, ಯಾಕೆಂದರೆ ಅದು ನನ್ನೊಬ್ಬಳದಾಗಿ ಉಳಿಯಲಿಲ್ಲ. ದೇವಬಾಗದಲ್ಲಿದ್ದ ನನ್ನ ಅಕ್ಕನ ಮನೆಗೆ ಹೋಗಿ ಕೂತಿತು.

ಆಗ ನಾನು ಕಾರವಾರದಲ್ಲಿ ಜಮೀನು ಮಾರಿಸುವ ಒಬ್ಬರ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಅಂಕೋಲೆ ತಾಲೂಕಿನ ಹಟ್ಟಿಕೇರಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಆಫೀಸು ಎಂದರೆ ಅಂಗಡಿಗಳ ಮೇಲಿನ ಒಂದು ಕೋಣೆ, ಒಂದು ಕಂಪ್ಯೂಟರು, ಒಂದು ಫೋನು, ಮತ್ತು ಮಾಮ. ಸಂಬಂಧದಲ್ಲಿ ಅವರು ನನಗೆ ಮಾಮನಲ್ಲ. ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಮೊದಲು ಹೆಂಚಿನ ವ್ಯಾಪಾರ ಮಾಡುತ್ತಿದ್ದವರು, ಹೆಂಚು ಯಾರಿಗೂ ಬೇಡವಾದ ಮೇಲೆ ಜಾಗಕ್ಕೆ ಇಳಿದಿದ್ದರು. ಗೋವಾದಲ್ಲಿ ಸಮುದ್ರದ ಬದಿಯ ನೆಲ ಮುಗಿಯುತ್ತಾ ಬಂತು, ಇನ್ನು ಜನ ಗಡಿ ದಾಟಿ ಇತ್ತ ಬರುತ್ತಾರೆ ಎನ್ನುವುದು ಅವರ ನಂಬಿಕೆ. ಅದಕ್ಕಾಗಿ ಹುಬ್ಬಳ್ಳಿಯ ಒಬ್ಬನಿಂದ ವೆಬ್‌ಸೈಟ್ ಮಾಡಿಸಿದ್ದರು.

ಹುಬ್ಬಳ್ಳಿಯವನು ಫೋನಿನಲ್ಲಿ ವಿವರಿಸಿದ್ದು ಇಷ್ಟು. ಕೆಲವು ಕೀವರ್ಡ್ ಆರಿಸಿ ಕೊಡಬೇಕು. ಯಾರಾದರೂ ಇಂಟರ್‌ನೆಟ್ಟಿನಲ್ಲಿ ಆ ಪದಗಳನ್ನು ಹುಡುಕಿದರೆ ನಮ್ಮ ಜಾಹೀರಾತು ಪಕ್ಕದಲ್ಲಿ ಕಾಣುತ್ತದೆ. ತಿಂಗಳ ಕೊನೆಗೆ ಯಾವ ಪದಕ್ಕೆ ಎಷ್ಟು ಜನ ಬಂದರು ಎಂಬ ಮೇಲ್ ಬರುತ್ತದೆ. ಯಾರು ಬಂದರು ಎಂದು ಬರುವುದಿಲ್ಲ.

"ಯಾರು ಅಂತ ಬರೂದಿಲ್ಲಾ?" ಮಾಮ ಕೇಳಿದರು. "ಹಂಗಾರೆ ಎಂತಾ ಉಪಯೋಗ ಅದರದ್ದು?"

ನಾನು ನನಗೆ ತಿಳಿದಂತೆ ಬರೆದೆ. ಕಾರವಾರ ಬೀಚ್ ಪ್ಲಾಟ್. ಸೀ ವ್ಯೂ ಲ್ಯಾಂಡ್. ಗೋವಾ ಹತ್ತಿರದ ಜಾಗ.

"ಗೋವಾ ಅಂತ ಎಂತಕ್ಕೆ ಹಾಕಿದ್ದು? ನಮ್ದು ಕಾರವಾರ."

"ಹೊರಗಿನವರು ಗೋವಾ ಅಂತ್ಲೇ ಹುಡುಕೂದಂತೆ ಮಾಮ."

"ಹಂಗಾರೆ ಗೋವಾದಲ್ಲೇ ತಕೊಳ್ಳಲಿ! ನಾನ್ಯಾಕೆ ಕೂತಿದ್ದೆ ಇಲ್ಲಿ?" ಎಂದು ನಕ್ಕರು. ಆಮೇಲೆ ಪೆನ್ನು ಇಸಿದುಕೊಂಡು ತಾವೇ ಒಂದನ್ನು ಸೇರಿಸಿದರು: ತಾರ್ಲೆ ಬೇಲೆ.

ತಾರ್ಲೆ ಎಂದರೆ ಆ ಸಣ್ಣ ಎಣ್ಣೆ ಮೀನು. ಬೇಲೆ ಎಂದರೆ ದಡದ ಮರಳು. ದೇವಬಾಗದ ಗಾಳಿಮರಗಳ ಆಚೆ, ಮೀನುಗಾರರ ಕೆಲವೇ ಮನೆಗಳ ಮುಂದೆ, ತಾರ್ಲೆ ಒಣಗಿಸುವ ಮರಳಿನ ಪಟ್ಟಿಗೆ ಆ ಹೆಸರು. ಯಾವ ನಕ್ಷೆಯಲ್ಲೂ ಇಲ್ಲ, ಪಹಣಿಯಲ್ಲೂ ಇಲ್ಲ. ಆ ಮನೆಗಳವರು ಹೇಳುತ್ತಿದ್ದರು, ಅವರ ನೆಂಟರು ಹೇಳುತ್ತಿದ್ದರು, ಅಷ್ಟೆ. ಮಾಮ ಮಾರಲು ಹಿಡಿದಿದ್ದ ಜಾಗ ಆ ಪಟ್ಟಿಯ ಪಕ್ಕದ್ದು. ಪಟ್ಟಿಯ ಮೇಲಿನ ಕೊನೆಯ ಮನೆ ನನ್ನ ಅಕ್ಕನದು.

ಅಕ್ಕನದು ಎಂದೆ. ಅವಳದಲ್ಲ. ಭಾವನ ಅಜ್ಜನ ಹೆಸರಿನಲ್ಲಿದ್ದ ನೆಲ, ಅಜ್ಜ ಯಾವಾಗಲೋ ಹೋಗಿದ್ದ, ಹೆಸರು ಉಳಿದಿತ್ತು. ಪಾಲು ಆಗಿರಲಿಲ್ಲ. ಹಕ್ಕುದಾರರು ವಾಸ್ಕೋದಲ್ಲಿ, ಮುಂಬೈಯ ಬಂದರಿನಲ್ಲಿ, ಹೀಗೆ ಚದುರಿದ್ದರು. ಅವರಲ್ಲಿ ಯಾರೊಬ್ಬರು ಮನಸ್ಸು ಮಾಡಿದರೂ ಅಕ್ಕನ ಮನೆ, ಮೀನು ಒಣಗಿಸುವ ಜಾಗ, ಅವಳ ಅನ್ನ, ಎಲ್ಲವೂ ಅಲ್ಲಾಡುತ್ತಿತ್ತು. ಅವಳಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ನಾವಿಬ್ಬರೂ ಹುಟ್ಟಿದ ಊರು ನೌಕಾನೆಲೆಗಾಗಿ ಖಾಲಿಯಾಗಿತ್ತು. ಗೋಡೆಗಳ ಮೇಲೆ ನಂಬರು ಬಿದ್ದದ್ದನ್ನು ಒಮ್ಮೆ ಕಂಡವರಿಗೆ, ಜಾಗದ ಹೆಸರನ್ನು ಹೊರಗಿನವರ ಬಾಯಲ್ಲಿ ಕೇಳಿದರೆ ಸಾಕು, ಮತ್ತೆ ಗಂಟುಮೂಟೆ ಕಟ್ಟುವುದೇ ನೆನಪಾಗುತ್ತದೆ.

"ಅದನ್ನ ಯಾರೂ ಹುಡುಕೂದಿಲ್ಲ ಮಾಮ. ಹೊರಗಿನವರಿಗೆ ಆ ಹೆಸರೇ ಗೊತ್ತಿಲ್ಲ."

"ಎಲ್ಲರೂ ಹಂಗೇ ಹೇಳೂದಲ್ಲ ಮಾರಾಯ್ತಿ."

"ಎಲ್ಲರೂ ಅಂದ್ರೆ ಯಾರು?"

"ನಮ್ಮವರೆಲ್ಲ."

"ನಮ್ಮವರು ತಕೊಳ್ತಾರಾ?"

"ತಕೊಳ್ಳೂದಿಲ್ಲ," ಎಂದರು ಮಾಮ. ಆಮೇಲೆ ಪೆನ್ನಿನ ಟೋಪಿ ಹಾಕುತ್ತಾ, "ಮಾರ್ತಾರಲ್ಲ!"

ಅವರು ತಮಾಷೆಗೆ ಹೇಳಿದರು. ಈಗಲೂ ಹಾಗೇ ಅಂದುಕೊಂಡಿದ್ದೇನೆ.

ಪದಗಳು ಜಾಸ್ತಿಯಾಗಿದ್ದವು, ಒಂದೆರಡು ಬಿಡಬೇಕಿತ್ತು. ಯಾವುದನ್ನು ಬಿಡುವುದು ಎಂದು ನಮ್ಮಲ್ಲಿ ಒಮ್ಮತವಾಗಲಿಲ್ಲ. ಹುಬ್ಬಳ್ಳಿಯವನನ್ನು ಕೇಳೋಣ ಎಂದೆ. ಮಾಮ ಒಪ್ಪಲಿಲ್ಲ. ದೋಣಿ ಕೊಳ್ಳುವುದಿರಲಿ, ಮಗಳನ್ನು ಕೊಡುವುದಿರಲಿ, ಬಾವಿ ತೋಡುವುದಿರಲಿ, ನಮ್ಮ ಕಡೆ ದೇವರ ಹತ್ತಿರ ಕೌಲು ಕೇಳದೆ ಯಾರೂ ಹೆಜ್ಜೆ ಇಡುವುದಿಲ್ಲ. ವೆಬ್‌ಸೈಟಿಗೆ ಬೇರೆ ನ್ಯಾಯ ಏಕೆ? ಅಂಕೋಲೆಯ ದಾರಿಯಲ್ಲಿದ್ದ ಅವರ ಮನೆದೇವರ ಗುಡಿಗೆ ನನ್ನನ್ನೂ ಕರೆದುಕೊಂಡು ಹೋದರು, ಪದಗಳನ್ನು ಓದಿ ಹೇಳಲು.

ಪೂಜೆ ಮಾಡುವ ಗುನಗ ವಯಸ್ಸಾದವನು. ಹೂವಿನ ಎಸಳುಗಳನ್ನು ಒದ್ದೆ ಮಾಡಿ ಮೂರ್ತಿಯ ಎಡಕ್ಕೂ ಬಲಕ್ಕೂ ಅಂಟಿಸಿದ. ಬಲದ ಎಸಳು ಮೊದಲು ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡ ಎಂದು. ನಾನು "ಸೀ ವ್ಯೂ ಲ್ಯಾಂಡ್" ಎಂದೆ.

ಅವನು ತಿರುಗಿ ನೋಡಿದ. "ಎಂತದು ಅದು?"

"ಇಂಗ್ಲಿಷು. ನೀ ಹೇಳು ಸುಮ್ನೆ," ಎಂದರು ಮಾಮ.

"ದೇವರಿಗೆ ಬತ್ತದೆ ಇಂಗ್ಲಿಷು. ಕೇಳೂದು ನಾನಲ್ಲವಾ? ನಂಗೆ ಬರೂದು ಬ್ಯಾಡವಾ?"

ಕೊನೆಗೆ ಸಮುದ್ರ ಕಾಣುವ ಜಾಗ ಎಂದು ಬಿಡಿಸಿ ಹೇಳಿದೆವು. ಎಡದ ಎಸಳು ಬಿತ್ತು. ಗೋವಾ ಹತ್ತಿರದ್ದಕ್ಕೂ ಎಡದ್ದೇ. ಮಾಮನ ಮುಖ ಅರಳಿತು. ತಾರ್ಲೆ ಬೇಲೆ ಎಂದಾಗ ಗುನಗನಿಗೆ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಅವನು ಪೂರ್ತಿ ಕೇಳುವ ಮುಂಚೆಯೇ ಬಲದ ಎಸಳು ಜಾರಿತು.

ಆಗ ನನಗೆ ಸಮಾಧಾನವಾಯಿತು ಎಂದರೆ ಯಾರೂ ನಂಬುವುದಿಲ್ಲ. ಆದರೆ ಆಯಿತು. ಲೋಕದಲ್ಲಿ ಯಾರೂ ಹುಡುಕದ ಹೆಸರನ್ನು ದೇವರು ಆರಿಸಿದ್ದ. ಯಾರೂ ಬರುವುದಿಲ್ಲ. ಅಕ್ಕ ಬದುಕಿದಳು. ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಮಾಡಿದ್ದೆ ಎಂದು ನೆನಪು. ಆದರೆ ಮಾಮನ ಸ್ಕೂಟರಿನಲ್ಲಿ ಹೋಗಿದ್ದೆವು ಎಂದೂ ನೆನಪು, ಸ್ಕೂಟರಿನಲ್ಲಿ ನಿದ್ದೆ ಹೇಗೆ ಬರುತ್ತದೆ? ಇದನ್ನು ಹೀಗೇ ಬಿಟ್ಟು ಮುಂದೆ ಹೋಗಬೇಕು.

ತಿಂಗಳ ಮೇಲ್ ಬಂತು. ಬೀಚ್ ಪ್ಲಾಟಿಗೆ ಕೆಲವರು ಬಂದಿದ್ದರು. ಅದರ ಕೆಳಗೆ ತಾರ್ಲೆ ಬೇಲೆ. ಖಾಲಿ ಇರಬೇಕಾದ ಜಾಗ ಖಾಲಿ ಇರಲಿಲ್ಲ. ಯಾರೋ ಹುಡುಕಿದ್ದರು. ಒಂದು ಸಲವಲ್ಲ, ಮತ್ತೆ ಮತ್ತೆ.

ಇದೇ ಆ ಬೆಳಗ್ಗೆಯೋ ಮಧ್ಯಾಹ್ನವೋ. ನಾನು ಕುರ್ಚಿಯಿಂದ ಎದ್ದು ಬಾಗಿಲು ಹಾಕಿದೆ, ಯಾರೋ ಮೆಟ್ಟಿಲ ಮೇಲೆ ನಿಂತಿದ್ದಾರೆ ಅನ್ನಿಸಿ. ಹೊರಗಿನವರು ಹುಡುಕಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಕಾರು ಬರುತ್ತದೆ, ಪ್ಯಾಂಟು ಮಡಿಚಿಕೊಂಡು ಮರಳಿನಲ್ಲಿ ನಡೆಯುತ್ತಾರೆ, ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಹೋಗುತ್ತಾರೆ. ಈ ಹೆಸರು ಹೊರಗಿನವರ ಹತ್ತಿರ ಇರಲೇ ಇಲ್ಲ. ಹುಡುಕಿದವರು ಆ ಮರಳಿನ ಮೇಲೆ ಓಡಾಡಿದವರು. ಅಕ್ಕನ ಕೈಯ ಗಂಜಿ ಉಂಡವರು. ಎಲ್ಲಿಯೋ ಒಂದು ಸೈಬರ್ ಕೆಫೆಯಲ್ಲಿ ಕೂತು ತಮ್ಮದೇ ನೆಲಕ್ಕೆ ಏನು ಬೆಲೆ ಬಂದಿದೆ ಎಂದು ನೋಡುತ್ತಿದ್ದಾರೆ.

ಹುಬ್ಬಳ್ಳಿಗೆ ಫೋನ್ ಮಾಡಿದೆ. ಯಾವ ಊರಿನಿಂದ ಹುಡುಕಿದ್ದು ಎಂದು ತಿಳಿಯುತ್ತದಾ?

"ಅದೆಲ್ಲಾ ಬರಂಗಿಲ್ರೀ ಮೇಡಂ. ಯಾಕ, ಏನಾತು? ಜನ ಬಂದ್ರ ಚಲೋನ ಅಲ್ಲ?"

ರವಿವಾರ ದೇವಬಾಗಕ್ಕೆ ಹೋದೆ. ಹೇಳುವುದೋ ಬೇಡವೋ ಎಂದು ಕಾಳಿ ಸೇತುವೆ ದಾಟುವವರೆಗೂ ಗೊತ್ತಿರಲಿಲ್ಲ. ಅಕ್ಕ ಬಲೆಯ ಮೇಲೆ ಹರಡಿದ ತಾರ್ಲೆಗಳನ್ನು ಮಗುಚಿ ಹಾಕುತ್ತಿದ್ದಳು. ಕಾಗೆ ಓಡಿಸುವ ಕೋಲನ್ನು ನನ್ನ ಕೈಗೆ ಕೊಟ್ಟಳು.

"ಎಂತ ಗೋ ಮುಖ ಹೀಗಾಗದೆ? ಮಾಮ ಬೈದ್ನಾ?"

ಹೇಳಿದೆ. ಮೊದಲು ಅವಳು ನಕ್ಕಳು. "ಕಂಪ್ಯೂಟರಿನಲ್ಲಿ ನಮ್ಮ ಬೇಲೆಯಾ! ವಾಸನೆನೂ ಬತ್ತದೆಯಾ ಅದರಲ್ಲಿ?" ಎಂದಳು. ಮತ್ತೆರಡು ಮೀನು ಮಗುಚಿದಳು. ಆಮೇಲೆ ಅವಳ ಕೈ ನಿಂತಿತು.

"ನಮ್ಮವರಲ್ಲದೆ ಯಾರಿಗೆ ಗೊತ್ತದೆ ಈ ಹೆಸರು?"

ನಾನು ಕಾಗೆ ಓಡಿಸಿದೆ. ಕಾಗೆ ಇತ್ತೋ ಇಲ್ಲವೋ.

"ಕೌಲು ಕೇಳು ಅಕ್ಕ, ಬೇಕಾದ್ರೆ," ಎಂದೆ.

"ಬ್ಯಾಡ. ಹೌದು ಅಂದ್ರೆ ಎಂತ ಮಾಡೂದು ನಾನು?"

ಆ ದಿನದಿಂದ ಅವಳು ನಿದ್ದೆಗೆಟ್ಟಳು. ಭಾವ ಮೊಬೈಲು ಹಿಡಿದು ಗಾಳಿಮರದ ಹತ್ತಿರ ಹೋದರೆ ಯಾರ ಕೂಡೆ ಮಾತು ಎಂದು ಕಿವಿಗೊಟ್ಟು ಕೇಳುವಳು. ಐಸು ತರಲು ಕಾರವಾರಕ್ಕೆ ಹೋಗಿ ತಡವಾಗಿ ಬಂದರೆ ಸೈಬರಿಗೆ ಹೋಗಿದ್ದಿರಾ ಎಂದು ಕೇಳುವಳು. ಒಮ್ಮೆ ಭಾವ ರೇಗಿ ನನ್ನ ಮುಂದೆಯೇ ಕೂಗಿದರು: "ನಂಗೆ ಮೌಸು ಹಿಡಿಯೂಕೆ ಬರೂದಿಲ್ಲ! ಹಿಡಿಯೂದು ಬಲೆ ಒಂದೇ! ನಿನ್ನ ತಂಗಿ ಕೂಡೆ ಕೇಳು, ಕಂಪ್ಯೂಟರಿನ ಮುಂದೆ ಕೂರೂದು ಅವಳು!"

ಮಾಮನಿಗೆ ಹೇಳಿ ಆ ಪದ ತೆಗೆಸಿದೆ. ತೆಗೆಸಲು ಕಷ್ಟವಾಗಲಿಲ್ಲ. ಬಂದವರಲ್ಲಿ ಒಬ್ಬರೂ ಫೋನ್ ಮಾಡಿರಲಿಲ್ಲ, ಮಾಮನಿಗೆ ದೇವರ ಮೇಲೆ ಸ್ವಲ್ಪ ಮುನಿಸು ಬಂದಿತ್ತು. ಆದರೆ ಅಕ್ಕನಿಗೆ ಅದರಿಂದ ಹೆದರಿಕೆ ಹೆಚ್ಚೇ ಆಯಿತು. ಪದ ಇರುವಾಗ ಹುಡುಕಿದ್ದಾದರೂ ತಿಳಿಯುತ್ತಿತ್ತು, ಈಗ ಹುಡುಕುತ್ತಿದ್ದರೂ ತಿಳಿಯುವುದಿಲ್ಲ ಎಂದಳು.

ಚೌತಿ ಬಂತು. ಎಲ್ಲೆಲ್ಲಿ ಇದ್ದರೂ ಗಣಪತಿಗೆ ಮೂಲಮನೆಗೆ ಬರಲೇಬೇಕು. ಹಕ್ಕುದಾರರೆಲ್ಲ ಆ ಮರಳಿನ ಮನೆಯಲ್ಲಿ ಒಂದೇ ಸಾಲಿನಲ್ಲಿ ಎಲೆಯ ಮುಂದೆ ಕೂತರು. ಅಕ್ಕ ಬಡಿಸುತ್ತಿದ್ದಳು. ಬಡಿಸುತ್ತಾ ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ನಾನು ಹಿಂದಿನಿಂದ ಪಾಯಸ ತರುತ್ತಿದ್ದೆ. ತರುತ್ತಿದ್ದೆ ಎಂದೇ ಅಂದುಕೊಂಡಿದ್ದೇನೆ. ಅಮ್ಮ ಹೇಳುವ ಪ್ರಕಾರ ಆ ಚೌತಿಗೆ ನಾನು ಜ್ವರದಿಂದ ಹಟ್ಟಿಕೇರಿಯಲ್ಲೇ ಮಲಗಿದ್ದೆ, ಇದೆಲ್ಲ ಅಕ್ಕ ಆಮೇಲೆ ಹೇಳಿದ್ದು. ಇರಬಹುದು. ಪಾಯಸದ ಪಾತ್ರೆಯ ಬಿಸಿ ಮಾತ್ರ ನನ್ನ ಅಂಗೈಯಲ್ಲಿದೆ.

ಭಾವನ ತಮ್ಮ, ವಾಸ್ಕೋದಲ್ಲಿ ಹಡಗಿನ ರಿಪೇರಿ ಕೆಲಸಕ್ಕಿದ್ದವನು, ಸಾರು ಕಲಸುತ್ತಾ ಕೇಳಿದ: "ಅತ್ತಿಗೆ, ಈಗ ಇಲ್ಲಿ ಬೇಲೆ ಮೇಲೆ ಎಂತ ರೇಟು ನಡೀತದೆ?"

ಸಾಲಿನಲ್ಲಿ ಎಲ್ಲರ ಕೈ ನಿಂತಿತು.

ಅಕ್ಕ ಸೌಟನ್ನು ಪಾತ್ರೆಗೆ ಇಳಿಸಿದಳು. "ಉಂಬೂಕೆ ಬಂದವರಿಗೆ ಅನ್ನ ಅದೆ. ರೇಟು ಕೇಳೂಕೆ ಬಂದವರಿಗೆ ಎಲೆ ಹಾಕಿಲ್ಲ ನಾನು."

"ಅಯ್ಯೋ, ತಮಾಷೆಗೆ ಕೇಳಿದ್ದು ಮಾರಾಯ್ತಿ! ವಾಸ್ಕೋದಲ್ಲಿ ಎಲ್ಲರೂ ನನ್ನ ಕೂಡೆ ಕೇಳ್ತಾರೆ. ಅದಕ್ಕೇ."

"ಎಲ್ಲರೂ ಅಂದ್ರೆ ಯಾರು?"

ಅವನು ನಕ್ಕ. ಬೇರೆ ಯಾರೂ ನಗಲಿಲ್ಲ. ಭಾವ ತಲೆ ತಗ್ಗಿಸಿ ಅನ್ನ ಕಲಸಿದರು, ಕಲಸುತ್ತಲೇ ಇದ್ದರು. ವಾಸ್ಕೋದವನು ಪಾಯಸ ಮುಟ್ಟದೆ ಎದ್ದ. ಗಣಪತಿ ವಿಸರ್ಜನೆಗೂ ನಿಲ್ಲದೆ ಸಂಜೆಯ ಬಸ್ಸಿಗೆ ಹೊರಟುಹೋದ. ಹೋಗುವಾಗ ಅಕ್ಕನ ಕಾಲು ಮುಟ್ಟಿ ನಮಸ್ಕಾರ ಮಾಡಿದ ಎಂದು ಅಕ್ಕನೇ ಹೇಳಿದಳು. ಅದನ್ನು ಹೇಳುವಾಗ ಅವಳ ದನಿಯಲ್ಲಿ ಇದ್ದದ್ದು ಸಿಟ್ಟೋ ದುಃಖವೋ ನನಗೆ ತಿಳಿಯಲಿಲ್ಲ.

ಮುಂದಿನ ಚೌತಿಗೆ ಅವನು ಬರಲಿಲ್ಲ. ಪಾಳಿ ಇದೆ, ರಜೆ ಸಿಗಲಿಲ್ಲ ಎಂದು ಫೋನು ಮಾಡಿದ್ದ. ಅದರ ಮುಂದಿನ ಚೌತಿಗೂ ಅದೇ. ನೆಲ ಮಾರಲು ಅವನು ಯಾವತ್ತೂ ಬಾಯಿ ಬಿಡಲಿಲ್ಲ, ಬೇರೆ ಯಾರೂ ಬಿಡಲಿಲ್ಲ. ಪಾಲೂ ಆಗಿಲ್ಲ, ಅಜ್ಜನ ಹೆಸರೂ ಬದಲಾಗಿಲ್ಲ. ಅಕ್ಕ ಈಗಲೂ ಅಲ್ಲೇ ತಾರ್ಲೆ ಒಣಗಿಸುತ್ತಾಳೆ. ರಸ್ತೆಯಲ್ಲಿ ಗೊತ್ತಿಲ್ಲದ ಕಾರಿನ ಸದ್ದಾದರೆ ಕೆಲಸ ಬಿಟ್ಟು ಎದ್ದು ನಿಲ್ಲುತ್ತಾಳೆ, ಸದ್ದು ಹೋಗುವವರೆಗೂ ಕೂರುವುದಿಲ್ಲ.

ಬಹಳ ದಿನಗಳ ನಂತರ, ಬೇರೆ ಯಾವುದೋ ಕೆಲಸಕ್ಕೆ ಫೋನ್ ಮಾಡಿದ್ದ ಹುಬ್ಬಳ್ಳಿಯವನು ಮಾತಿನ ಮಧ್ಯೆ ಹೇಳಿದ: ನಿಮ್ಮ ಜಾಹೀರಾತು ಕಾಣುತ್ತದೋ ಇಲ್ಲವೋ ಎಂದು ಆಫೀಸಿನಲ್ಲಿ ಕೂತು ನೀವೇ ಹುಡುಕಿ ನೋಡಿದರೆ ಅದೂ ಲೆಕ್ಕಕ್ಕೆ ಸೇರಿಬಿಡುತ್ತಿತ್ತು ಮೇಡಂ, ಆಗ ಹಾಗೇ ಇತ್ತು. ನಾನು ಹಾಗೆ ಹುಡುಕಿ ನೋಡಿದ್ದೆನೇ? ಬೀಚ್ ಪ್ಲಾಟನ್ನು ನೋಡಿದ್ದು ನೆನಪಿದೆ. ತಾರ್ಲೆ ಬೇಲೆಯನ್ನು ನೋಡಿದ ನೆನಪಿಲ್ಲ. ಆದರೆ ಹೆದರಿದವರು ದಿನಾ ಬಾಗಿಲ ಚಿಲಕ ಮುಟ್ಟಿ ನೋಡಿದ್ದನ್ನು ನೆನಪಿಟ್ಟುಕೊಳ್ಳುತ್ತಾರೆಯೇ? ಮಾಮ ಹುಡುಕಿರಬಹುದು, ತಮ್ಮ ದೇವರು ಕೊಟ್ಟ ಪದವನ್ನು ನೋಡಿ ಖುಷಿಪಡಲು. ಕೇಳೋಣವೆಂದರೆ ಅವರು ಈಗಿಲ್ಲ. ವಾಸ್ಕೋದವನನ್ನು ಕೇಳಬಹುದು. ಕೇಳಿಲ್ಲ. ಅಕ್ಕನಿಗೆ ಹುಬ್ಬಳ್ಳಿಯವನ ಮಾತು ಹೇಳಿದೆ. ಅವಳು ಕೇಳಿಸಿಕೊಂಡು ಮೀನು ಮಗುಚಲು ಹೋದಳು.

ಯಾರು ಹುಡುಕಿದರು ಎಂದು ನನಗೆ ಗೊತ್ತಿಲ್ಲ. ಯಾರಾದರೂ ಹುಡುಕಿದ್ದರೇ ಎಂಬುದೂ ಗೊತ್ತಿಲ್ಲ.