ಮೈಲುತುತ್ತು ಬೀಳದ ಅಂಟು

ಬೆಳಗ್ಗೆ ಐದು ಗಂಟೆ. ಪಾಣೆಮಂಗಳೂರಿನಲ್ಲಿ, ಹೊಳೆಗೆ ಇಳಿಯುವ ದಾರಿಯ ಕೊನೆಯ ಮನೆಯ ಹಿತ್ತಿಲಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿದೆ. ಒಲೆಯ ಮೇಲಿನ ಎಣ್ಣೆ ಡಬ್ಬದಲ್ಲಿ ಮೈದಾ ಕುದಿಯುತ್ತಿದೆ. ಇಬ್ರಾಹಿಂ ಖಲೀಲ್ ಎಡಗೈಯಲ್ಲಿ ಕೋಲು ಹಿಡಿದು ಅದನ್ನು ಗಂಟು ಕಟ್ಟದಂತೆ ತಿರುಗಿಸುತ್ತಿದ್ದಾರೆ. ಅವರ ಬಲಗೈ ಮೊಣಕೈಯಲ್ಲಿ ಮಡಚಿಕೊಂಡೇ ಇದೆ, ಪೂರ್ತಿ ಬಿಚ್ಚುವುದಿಲ್ಲ. ಅಂಗಿಯ ಜೇಬಿನಲ್ಲಿ ಕಾಗದದ ಪೊಟ್ಟಣವೊಂದು ಉಬ್ಬಿ ಕಾಣುತ್ತಿದೆ.

ಪೊಟ್ಟಣದಲ್ಲಿ ಇರುವುದು ಮೈಲುತುತ್ತು. ಅಡಿಕೆಗೆ ಮದ್ದು ಬಿಡುವವರು ಬಳಸುವ ಅದೇ ನೀಲಿ ಹರಳು, ಅದೇ ವಿಷ. ಸಿನಿಮಾ ಪೋಸ್ಟರಿಗೂ ಅದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಪೋಸ್ಟರ್ ಅಂಟಿಸುವುದು ಮೈದಾ ಗಂಜಿಯಲ್ಲಿ. ಬೀದಿಯ ದನಗಳಿಗೆ ಅದು ಪಾಯಸ. ಗೋಡೆಯಿಂದ ಕಾಗದವನ್ನು ಎಳೆದೆಳೆದು ತಿನ್ನುತ್ತವೆ. ತಿನ್ನಬಾರದೆಂದು ಈ ಕಸುಬಿನವರು ಅಂಟಿಗೆ ಒಂದು ಮುಷ್ಟಿ ಮೈಲುತುತ್ತು ಹಾಕುತ್ತಾರೆ. ಖಲೀಲ್ ಹಾಕುವುದಿಲ್ಲ. ಹಾಕದೆ ಇದ್ದದ್ದಕ್ಕೆ ಅವರು ಒಂದು ಕೈ ಕಳೆದುಕೊಂಡಿದ್ದಾರೆ, ಒಂದು ವರ್ಷದ ಕೆಲಸ ಕಳೆದುಕೊಂಡಿದ್ದಾರೆ. ಟಾಕೀಸಿನ ಮೆನೇಜರು ನಿನ್ನೆ ಸಂಜೆ ಅವರನ್ನು ಕರೆದು ಕೆಲಸ ವಾಪಸು ಕೊಟ್ಟಿದ್ದಾರೆ. ಜೊತೆಗೆ ಈ ಪೊಟ್ಟಣವನ್ನೂ ಕೊಟ್ಟಿದ್ದಾರೆ. "ಇದನ್ನು ಹಾಕಿದರೆ ಕೆಲಸ. ಇಲ್ಲದಿದ್ದರೆ ಬೇರೆಯವ ಇದ್ದಾನೆ. ಅಂಟಿಸಿ ಆದ ಮೇಲೆ ಬಕೆಟ್ ತಂದು ತೋರಿಸು." ಮೈಲುತುತ್ತು ಬಿದ್ದರೆ ಅಂಟು ನೀಲಿಯಾಗುತ್ತದೆ. ಸುಳ್ಳು ಹೇಳುವಂತಿಲ್ಲ.

ಖಲೀಲ್ ಅವರಿಗೆ ಐವತ್ತೊಂದು ವರ್ಷ. ಗಡ್ಡ ಪೂರ್ತಿ ಬೆಳ್ಳಗಾಗಿದೆ. ಪೋಸ್ಟರ್ ಅಂಟಿಸಲು ಶುರು ಮಾಡಿದ್ದು ಇಪ್ಪತ್ತೈದರಲ್ಲಿ. ಸಿನಿಮಾ ಬದಲಾಗುವುದು ಶುಕ್ರವಾರ, ಹಾಗಾಗಿ ಮೊದಲ ಆಟಕ್ಕೆ ಮುಂಚೆ ಗೋಡೆ ಬದಲಾಗಬೇಕು. ಸೈಕಲ್ಲಿನ ಒಂದು ಬದಿಗೆ ಬಿದಿರಿನ ಏಣಿ, ಇನ್ನೊಂದು ಬದಿಗೆ ಬಕೆಟ್. ಒಂದು ಶುಕ್ರವಾರಕ್ಕೆ ಅರುವತ್ತು ಪೋಸ್ಟರು. ಪಾಣೆಮಂಗಳೂರು, ಬಂಟ್ವಾಳ ಮುಗಿಸಿ ಮೂಡುಬಿದಿರೆ ರಸ್ತೆಯ ಅರ್ಧದವರೆಗೆ ಸೈಕಲ್. ಬೆಳ್ತಂಗಡಿ ಕಡೆಯ ಇಪ್ಪತ್ತು ಪೋಸ್ಟರನ್ನು ಮೊದಲ ಬಸ್ಸಿನಲ್ಲಿ ಒಯ್ಯುತ್ತಾರೆ. ಮೂರು ತಾಲೂಕಿನ ಜನ ಅವರು ಅಂಟಿಸಿದ್ದನ್ನು ನೋಡಿ ಸಿನಿಮಾಕ್ಕೆ ಹೋಗಿದ್ದಾರೆ. ಅಂಟಿಸಿದವರನ್ನು ಯಾರೂ ನೋಡಿಲ್ಲ. ನೋಡಿದ್ದು ಒಮ್ಮೆ ಮಾತ್ರ, ಹೊಡೆಯುವುದಕ್ಕೆ.

ಮೊದಲು ಅವರೂ ಎಲ್ಲರ ಹಾಗೆ ಮೈಲುತುತ್ತು ಹಾಕುತ್ತಿದ್ದರು, ಅದರಿಂದ ದನ ಸತ್ತದ್ದನ್ನು ಕೇಳಿರಲಿಲ್ಲ. ಐದು ವರ್ಷಗಳ ಹಿಂದೆ, ಮೂಡುಬಿದಿರೆ ರಸ್ತೆಯ ಒಂದು ಸಣ್ಣ ಪೇಟೆಯಲ್ಲಿ, ಮನೆಮನೆಗೆ ಹಾಲು ಕೊಡುವ ಲೋಲಾಕ್ಷಿ ಎಂಬ ಹೆಂಗಸು ಅವರ ಸೈಕಲ್ಲಿಗೆ ಅಡ್ಡ ನಿಂತರು. ಪೇಟೆಯ ಹೆಸರು ಬೇಡ ಎಂದು ಖಲೀಲ್ ಹೇಳಿದ್ದಾರೆ, ಬರೆಯುವುದಿಲ್ಲ. "ನಿನ್ನ ಕಾಗದ ತಿಂದು ನನ್ನ ಬೊಳ್ಳಿ ಎರಡು ದಿನದಿಂದ ಜೊಲ್ಲು ಸುರಿಸ್ತಾ ಉಂಟು ಖಲೀಲ. ನನಗೆ ಇರುವ ಕರು ಅವಳೊಬ್ಬಳೇ" ಎಂದರು. ಬೊಳ್ಳಿ ಆಗ ಹೆಣ್ಣು ಕರು. ಖಲೀಲ್ ದನದ ಹಟ್ಟಿಗೆ ಹೋಗಿ ನೋಡಿದರು. ಕರು ಬದುಕಿತು. ಅಂದಿನಿಂದ ಅವರ ಅಂಟಿಗೆ ಮೈಲುತುತ್ತು ಬಿದ್ದಿಲ್ಲ. "ಅದಕ್ಕೆ ಎಂತ ಗೊತ್ತು ಸಿನಿಮಾ? ಅದು ಹಸಿವಿಗೆ ತಿಂದದ್ದು" ಎನ್ನುತ್ತಾರೆ.

ದನ ತಿನ್ನದಂತೆ ಅವರು ಬೇರೆ ಉಪಾಯ ಕಂಡುಕೊಂಡರು. ದನದ ಬಾಯಿಗೆ ಎಟುಕದಷ್ಟು ಎತ್ತರಕ್ಕೆ ಅಂಟಿಸುವುದು. ಎರಡು ಹಾಳೆಯ ದೊಡ್ಡ ಪೋಸ್ಟರಾದರೆ ಕೆಳಗಿನ ಹಾಳೆ ಎಟುಕಿಯೇ ಎಟುಕುತ್ತದೆ. ಆಗ ಅದು ಒಣಗುವವರೆಗೆ ಇಪ್ಪತ್ತು ನಿಮಿಷ ಅಲ್ಲೇ ಕಾವಲು ನಿಲ್ಲುವುದು. ಒಣಗಿದ ಕಾಗದಕ್ಕೆ ದನ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಪೋಸ್ಟರನ್ನು ದನದಿಂದ ಉಳಿಸಲು, ದನವನ್ನು ಪೋಸ್ಟರಿನಿಂದ ಉಳಿಸಲು ವಾರ ವಾರ ಗೋಡೆಯ ಬದಿ ನಿಲ್ಲುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಕಳೆದ ವರ್ಷ, ಅಂದರೆ 2004ರ ಡಿಸೆಂಬರ್ 24, ಶುಕ್ರವಾರ. ಆ ವಾರದ ಸಿನಿಮಾ ಹಿಂದಿಗೆ ಡಬ್ ಆದ ಒಂದು ಇಂಗ್ಲಿಷ್ ಚಿತ್ರ. ಕ್ರಿಸ್ಮಸ್ ಅಜ್ಜನ ಉಡುಗೊರೆ ಚೀಲವನ್ನು ಕಳ್ಳರ ಗುಂಪು ಕದಿಯುತ್ತದೆ. ಅಜ್ಜ ಕೊಡಲಿ ಹಿಡಿದು ಹೊರಡುತ್ತಾನೆ. ಮೂವತ್ತು ಜನರನ್ನು ಕಡಿದು, ಸುಟ್ಟು, ಕ್ರಿಸ್ಮಸ್ ಮರಕ್ಕೆ ನೇತುಹಾಕಿ, ಕೊನೆಗೆ ಮಕ್ಕಳಿಗೆ ಮಿಠಾಯಿ ಹಂಚುತ್ತಾನೆ. ಇದು ಹಾಸ್ಯಚಿತ್ರ, ಎರಡೂವರೆ ಗಂಟೆ ನಗಬೇಕು. ಪೋಸ್ಟರು ಎರಡು ಹಾಳೆಯದು. ಮೇಲಿನ ಹಾಳೆಯಲ್ಲಿ ರಕ್ತ ಮೆತ್ತಿದ ಗಡ್ಡ, ಕೊಡಲಿ. ಕೆಳಗಿನದರಲ್ಲಿ ಅಜ್ಜನ ಬೂಟು, ಹಿಮ, ಸಿನಿಮಾದ ಹೆಸರು.

ಪೋಸ್ಟರಿನ ಕಟ್ಟು ತಡವಾಗಿ ಬಂತು. ಅರುವತ್ತೂ ಗೋಡೆ ಮೊದಲ ಆಟದೊಳಗೆ ಮುಗಿಯಬೇಕಿತ್ತು. ಲೋಲಾಕ್ಷಿಯವರ ಪೇಟೆಯ ಗೋಡೆಗೆ ಬಂದಾಗ ಖಲೀಲ್ ಎರಡು ತಪ್ಪು ಮಾಡಿದರು. ಹಳೆಯ ಪೋಸ್ಟರನ್ನು ಕೀಳದೆ ಅದರ ಮೇಲೆಯೇ ಹೊಸದನ್ನು ಅಂಟಿಸಿದರು. ಇಪ್ಪತ್ತು ನಿಮಿಷ ನಿಲ್ಲಲಿಲ್ಲ. "ಆ ಎರಡು ನನ್ನ ತಪ್ಪು. ಅದಕ್ಕೆ ಬೈದಿದ್ದರೆ ನಾನು ತಲೆ ತಗ್ಗಿಸಿ ನಿಲ್ತಿದ್ದೆ" ಎನ್ನುತ್ತಾರೆ.

ಅವರು ಸೈಕಲ್ ಹತ್ತಿ ಹೋದ ಮೇಲೆ ಬೊಳ್ಳಿ ಬಂದಳು. ಕೆಳಗಿನ ಹಾಳೆಯನ್ನು ಬೂಟು, ಹಿಮ, ಹೆಸರು ಸಮೇತ ತಿಂದು ಮುಗಿಸಿದಳು. ಅಡಿಯಲ್ಲಿದ್ದ ಹಳೆಯ ಪೋಸ್ಟರ್ ಹೊರಗೆ ಬಂತು. ಅದು ಬೆಳಗ್ಗಿನ ಆಟದ ನೀಲಿ ಚಿತ್ರದ್ದು. ಈಗ ಗೋಡೆಯ ಮೇಲೆ ಸೊಂಟದವರೆಗೆ ಕ್ರಿಸ್ಮಸ್ ಅಜ್ಜ, ಸೊಂಟದಿಂದ ಕೆಳಗೆ ಹೆಂಗಸೊಬ್ಬಳ ಬರಿಗಾಲು ಬರಿತೊಡೆ, ಅದರ ಕೆಳಗೆ "ವಯಸ್ಕರಿಗೆ ಮಾತ್ರ". ಗೋಡೆಯ ಎದುರಿನ ದಾರಿ ಇಗರ್ಜಿಗೆ ಹೋಗುವುದು. ಮರುದಿನ ಹಬ್ಬ.

ಇಗರ್ಜಿಯ ಪಾದ್ರಿಗಳು ಅದನ್ನು ನೋಡಿದರಂತೆ. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಮೇಲೆ ಒಂದು ಕಾಗದ ಅಂಟಿಸಲು ಯಾರಿಗಾದರೂ ಹೇಳಿ ಎಂದು ಹೋದರಂತೆ. ಅವರ ಹಬ್ಬ, ಅವರು ನಕ್ಕರು. ಸಿಟ್ಟು ಬಂದದ್ದು ಆ ಹಬ್ಬಕ್ಕೆ ಸಂಬಂಧವೇ ಇಲ್ಲದ ಆರು ಜನರಿಗೆ. ಬ್ಯಾರಿ, ಅಂದರೆ ಇಲ್ಲಿಯ ಮುಸ್ಲಿಮ, ಬೇಕೆಂದೇ ಮಾಡಿದ್ದು ಎಂದು ಅವರೇ ತೀರ್ಮಾನಿಸಿದರು. ಚಿತ್ರ ತೆಗೆದವನನ್ನು ಕೇಳಲಿಲ್ಲ, ಪೋಸ್ಟರ್ ಅಚ್ಚು ಹಾಕಿದವನನ್ನು ಕೇಳಲಿಲ್ಲ, ನೀಲಿ ಚಿತ್ರ ಓಡಿಸಿದ ಟಾಕೀಸಿಗೂ ಹೋಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ವಾಪಸು ಬರುತ್ತಿದ್ದ ಖಲೀಲರನ್ನು ಸೈಕಲ್ಲಿನಿಂದ ಎಳೆದು, ಅವರದೇ ಏಣಿಯ ಮೆಟ್ಟಿಲು ಮುರಿದು ಹೊಡೆದರು. ಮೊಣಕೈ ಎರಡು ಕಡೆ ಮುರಿಯಿತು.

ಆಸ್ಪತ್ರೆಯಿಂದ ಬಂದವರು ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಆ ಸಿನಿಮಾ ನೋಡಿದ್ದಾರೆ. ಗಲಾಟೆಯ ಪುಣ್ಯದಿಂದ ಅದು ಎರಡು ವಾರ ಹೌಸ್‌ಫುಲ್ ಓಡಿತ್ತು. "ನಾನು ಸಹ ನಕ್ಕೆ ಮಾರಾಯ್ರೆ, ಸುಳ್ಳು ಯಾಕೆ ಹೇಳುದು? ಆ ಅಜ್ಜನನ್ನು ಮನೆಯ ಮಾಡಿನಿಂದ ಕೆಳಗೆ ದೂಡ್ತಾರೆ, ಏಳ್ತಾನೆ. ಜೀಪು ಹತ್ತಿಸ್ತಾರೆ, ಗಡ್ಡ ಕೊಡವಿ ಏಳ್ತಾನೆ. ನನ್ನ ಗಡ್ಡ ಸಹ ಬಿಳಿಯೇ. ನನಗೆ ಏಳ್ಲಿಕ್ಕೆ ಆಗ್ಲಿಲ್ಲ."

ಹೊಡೆದ ಆರು ಜನರ ಮೇಲೆ ಕೇಸಿಲ್ಲ. ಅವರು "ಅಪರಿಚಿತರು". ಅವರಲ್ಲಿ ಇಬ್ಬರ ಮನೆಗೆ ದಿನಾ ಲೋಲಾಕ್ಷಿಯವರ ಹಾಲು ಹೋಗುತ್ತದೆ, ಅಷ್ಟು ಅಪರಿಚಿತರು! ಕೇಸಾದದ್ದು ಪೆಟ್ಟು ತಿಂದವರ ಮೇಲೆ. ಒಂದು ವರ್ಷ ಶಾಂತಿ ಕದಡುವುದಿಲ್ಲ ಎಂದು ಖಲೀಲ್ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಮುಚ್ಚಳಿಕೆಯ ಮನುಷ್ಯ ಬೇಡ ಎಂದು ಟಾಕೀಸು ಕೈಬಿಟ್ಟಿತು. ವರ್ಷವಿಡೀ ಹೆಂಡತಿ ಸೌದಾ ಬೀಡಿ ಕಟ್ಟಿ ಮನೆ ನಡೆಸಿದ್ದಾರೆ.

ದನ ತಿಂದದ್ದು ಎಂದು ಠಾಣೆಯಲ್ಲಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತಲ್ಲ? ನಾನು ಕೇಳಿದೆ. ಆ ದಿನ ಸಂಜೆಯೇ ಲೋಲಾಕ್ಷಿ ಬಂದು ನಡೆದದ್ದನ್ನು ಸೌದಾರಿಗೆ ತಿಳಿಸಿದ್ದರು. ಖಲೀಲ್ ಕೋಲು ತಿರುಗಿಸುತ್ತಲೇ ಹೇಳಿದರು.

"ನೀವು ಪೇಪರಿನವರು, ನಿಮಗೆ ಗೊತ್ತುಂಟಲ್ಲ? ಬ್ಯಾರಿಯ ಬಾಯಿಂದ ಸ್ಟೇಷನಿನಲ್ಲಿ ದನ ಅಂತ ಬಂದರೆ, ಮತ್ತೆ ಪೋಸ್ಟರಿನ ಮಾತು ಯಾರು ಕೇಳ್ತಾರೆ? ಆ ಹೆಂಗಸನ್ನು ಸಹ ಎಳೀತಾರೆ. ಬೊಳ್ಳಿಯನ್ನು ಕಟ್ಟಿ ಹಾಕು ಅಂತಾರೆ. ಬೇಡ ಅಂತ ಸುಮ್ಮನಾದೆ."

ಈ ತಿಂಗಳ ಮೊದಲ ವಾರ ತಾಲೂಕು ಕಚೇರಿಯಿಂದ ಮತ್ತೆ ಕರೆ ಬಂತು. ಕ್ರಿಸ್ಮಸ್ ಹತ್ತಿರ ಬಂತಲ್ಲ, ಮುಚ್ಚಳಿಕೆಯನ್ನು ಇನ್ನೊಂದು ವರ್ಷ ಬೆಳೆಸೋಣ ಎಂದು. ಖಲೀಲ್ ಅಧಿಕಾರಿಯ ಮುಂದೆ ತಲೆ ತಗ್ಗಿಸಿ ನಿಂತಿದ್ದಾಗ ಹಾಲಿನ ಕ್ಯಾನು ಹಿಡಿದುಕೊಂಡೇ ಲೋಲಾಕ್ಷಿ ಒಳಗೆ ಬಂದರು. ಅವರನ್ನು ಯಾರೂ ಕರೆದಿರಲಿಲ್ಲ.

"ಸ್ವಾಮಿ, ಆ ಕಾಗದ ತಿಂದದ್ದು ನನ್ನ ದನ. ನನ್ನ ದನ ಸಾಯಬಾರದು ಅಂತ ಇವ ಅಂಟಿಗೆ ವಿಷ ಹಾಕುದಿಲ್ಲ. ಮುಚ್ಚಳಿಕೆ ಬೇಕಾದರೆ ಬೊಳ್ಳಿ ಹತ್ರ ಬರೆಸಿಕೊಳ್ಳಿ. ಹೆಬ್ಬೆಟ್ಟು ಇಲ್ಲ, ಗೊರಸು ಉಂಟು."

ಕಚೇರಿಯಿಡೀ ನಕ್ಕಿತು. ಗುಮಾಸ್ತರು ನಕ್ಕರು, ಪೊಲೀಸರು ನಕ್ಕರು, ಅಧಿಕಾರಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಕಡತ ಮುಚ್ಚಿತು. ಹಾಗಾದರೆ ಇವರ ಕೈ ಮುರಿದವರು ಯಾರು ಎಂದು ನಗುವವರಲ್ಲಿ ಒಬ್ಬರೂ ಕೇಳಲಿಲ್ಲ. ಟಾಕೀಸಿನ ಕತ್ತಲೆಯಲ್ಲಿ ಎಲುಬು ಮುರಿಯುವ ಸದ್ದಿಗೆ ನಕ್ಕ ನಾವೇ ಕಚೇರಿಯ ಬೆಳಕಿನಲ್ಲೂ ನಗುತ್ತಿದ್ದೇವೆ. ಈಗ ಮೆನೇಜರು ವಿಷದ ಪೊಟ್ಟಣ ಕೊಟ್ಟಿದ್ದಾರೆ. ಅದನ್ನು ಹಾಕಿ ನಾಳೆ ಒಂದು ದನ ಬಿದ್ದರೆ ಪೆಟ್ಟು ತಿನ್ನುವವರು ಯಾರು, ಮೆನೇಜರೇ?

ಆರೂ ಮುಕ್ಕಾಲು. ಅದೇ ಪೇಟೆ, ಅದೇ ಗೋಡೆ. ಖಲೀಲ್ ಮೊದಲು ಹಳೆಯ ಪೋಸ್ಟರನ್ನು ಉಗುರಿನಿಂದ ಕೆರೆದು ಕೆರೆದು ಕಿತ್ತರು. ಈ ವಾರದ್ದು ಯಾವುದೋ ಕುಟುಂಬದ ಚಿತ್ರ, ಎರಡು ಹಾಳೆಯದು. ಎಡಗೈಯಲ್ಲಿ ಬ್ರಷ್ಷು, ಮಡಚಿದ ಬಲಗೈಯ ಮೊಣಕೈಯಿಂದ ಕಾಗದವನ್ನು ಒತ್ತಿ ಹಿಡಿಯುತ್ತಾರೆ. ಮೊದಲು ಒಂದು ಪೋಸ್ಟರಿಗೆ ಮೂರು ನಿಮಿಷ ಬೇಕಿತ್ತು, ಇಂದು ಹನ್ನೊಂದು. ಬಕೆಟಿನೊಳಗೆ ಇಣುಕಿದೆ. ಅಂಟು ಬೆಳ್ಳಗೆ ಇದೆ. ಪೊಟ್ಟಣ ಇನ್ನೂ ಜೇಬಿನಲ್ಲೇ ಇದೆ, ಬಿಚ್ಚಿಲ್ಲ.

ಅಂಟಿಸಿ ಆದ ಮೇಲೆ ಅವರು ಏಣಿಗೆ ಒರಗಿ ನಿಂತರು. ತಿರುವಿನಲ್ಲಿ ಬೊಳ್ಳಿ ಕಾಣಿಸಿಕೊಂಡಳು. ನೇರ ಗೋಡೆಗೆ ಬಂದು ಮೂತಿ ಎತ್ತಿದಳು. ಖಲೀಲ್ ಅವಳ ಕೊರಳನ್ನು ಮೆಲ್ಲಗೆ ಆಚೆ ದೂಡಿ, ಬ್ರಷ್ಷಿಗೆ ಮೆತ್ತಿದ್ದ ಅಂಟನ್ನು ಅಂಗೈಗೆ ಬಳಿದು ಮುಂದೆ ಹಿಡಿದರು. ಅವಳು ನೆಕ್ಕಿದಳು.

"ಮೆನೇಜರಿಗೆ ಏನು ಹೇಳ್ತೀರಿ?" ಎಂದು ಕೇಳಿದೆ.

"ಎಂತ ಹೇಳುದು? ಬಕೆಟ್ ತೋರಿಸ್ತೇನೆ. ಪೊಟ್ಟಣ ವಾಪಸು ಕೊಡ್ತೇನೆ."

"ಇದನ್ನು ನಾನು ಬರೆದರೆ, ಇವತ್ತು ಸುಮ್ಮನಿದ್ದರೂ ಪೇಪರು ನೋಡಿದ ಮೇಲೆ ನಿಮ್ಮನ್ನು ಇಟ್ಟುಕೊಳ್ಳುವುದಿಲ್ಲ. ಬಿಟ್ಟುಬಿಡಲಾ?"

ಅವರು ಅಂಗೈಯನ್ನು ಲುಂಗಿಗೆ ಒರೆಸಿಕೊಂಡರು. ಇನ್ನೂ ಹತ್ತು ನಿಮಿಷದ ಕಾವಲು ಬಾಕಿ ಇತ್ತು.

"ಬರೆಯಿರಿ. ಹೊಡೆದವರ ಹೆಸರು ಬೇಡ, ಮೆನೇಜರಿನ ಹೆಸರು ಬೇಡ. ಇಪ್ಪತ್ತಾರು ವರ್ಷದಲ್ಲಿ ಇಬ್ರಾಹಿಂ ಖಲೀಲನ ಅಂಟು ತಿಂದು ಒಂದು ದನ ಸತ್ತದ್ದಿಲ್ಲ. ಅದನ್ನು ಮಾತ್ರ ಹೆಸರು ಹಾಕಿ ಬರೆಯಿರಿ."