ಯಾರನ್ನೂ ಕೊಲ್ಲದ ಆಟ

ಕಂಪ್ಯೂಟರಿನಲ್ಲಿ ನಾನು ಹದಿನೈದು ವರ್ಷಗಳಿಂದ ಕಳ್ಳತನ ಮಾಡುತ್ತಿದ್ದೇನೆ, ಇದುವರೆಗೆ ಒಬ್ಬರನ್ನೂ ಕೊಂದಿಲ್ಲ. ಈ ಸಾಧನೆಯನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಲೇ ಇದ್ದೇನೆ. ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ನಮ್ಮ ಜನ ಸೇರಿದಾಗ ಮಾರ್ಟ್‌ಗೇಜ್ ಬಗ್ಗೆ ಕೇಳುತ್ತಾರೆ, ಯಾವ ಸಬರ್ಬಿನಲ್ಲಿ ಶಾಲೆ ಚೆನ್ನಾಗಿದೆ ಎಂದು ಕೇಳುತ್ತಾರೆ. ನಲವತ್ತು ದಾಟಿದ ಹೆಂಗಸು ಶನಿವಾರ ಮಧ್ಯಾಹ್ನ ಏನು ಮಾಡುತ್ತಾಳೆ ಎಂದು ಯಾರೂ ಕೇಳುವುದಿಲ್ಲ.

ನನಗೆ ಇಷ್ಟವಾದವು ಹಳೆಯ ಆಟಗಳು. ನೆರಳಿನಲ್ಲಿ ಅಡಗಿ, ಗೋಡೆ ಹಿಡಿದು ನಡೆದು, ಯಾರೋ ಸಾಹುಕಾರನ ಕೋಟೆಯೊಳಗೆ ನುಗ್ಗಿ, ಒಂದು ಬಟ್ಟಲನ್ನೋ ಒಂದು ಪತ್ರವನ್ನೋ ಎತ್ತಿಕೊಂಡು ಬರುವ ಆಟಗಳು. ಚಿತ್ರಗಳು ಒರಟು, ಕಾವಲುಗಾರರ ಮುಖಕ್ಕೆ ಮೂಗು ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ರತ್ನಗಂಬಳಿಯ ಮೇಲೆ ನಡೆದರೆ ಸದ್ದಿಲ್ಲ. ಕಲ್ಲಿನ ನೆಲದ ಮೇಲೆ ಅವಸರದಲ್ಲಿ ಕಾಲಿಟ್ಟರೆ ಕಾವಲುಗಾರ ತಿರುಗಿ "ಯಾರದು?" ಎನ್ನುತ್ತಾನೆ. ಆಮೇಲೆ ನಾಲ್ಕು ಹೆಜ್ಜೆ ಹುಡುಕಿ, ಇಲಿ ಇರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಿಂದಿರುಗುತ್ತಾನೆ. ಇಂಥ ಸಜ್ಜನರನ್ನು ಕೊಲ್ಲಲು ಜನರಿಗೆ ಹೇಗಾದರೂ ಮನಸ್ಸು ಬರುತ್ತದೋ.

ಬೇರೆ ಆಟಗಳಲ್ಲಿ ಕಷ್ಟದ ಹಂತ ಎಂದರೆ ಎದುರಾಳಿಯ ಮೈ ಗಟ್ಟಿಯಾಗುತ್ತದೆ, ನಮ್ಮ ಜೀವ ಬೇಗ ಹೋಗುತ್ತದೆ. ಇಲ್ಲಿ ಹಾಗಲ್ಲ. ಸುಲಭದ ಹಂತದಲ್ಲಿ ಅಡ್ಡ ಬಂದವರನ್ನೆಲ್ಲ ಕತ್ತರಿಸಿ ಹಾಕಬಹುದು. ಅತಿ ಕಷ್ಟದ ಹಂತದಲ್ಲಿ ಕೋಟೆ ಅದೇ, ಕಾವಲುಗಾರರೂ ಅವರೇ. ಒಂದು ನಿಯಮ ಮಾತ್ರ ಹೊಸದು, ಯಾರೂ ಸಾಯಬಾರದು. ಒಬ್ಬ ಸತ್ತರೂ ಸೋತಂತೆ. ತೀರಾ ಅನಿವಾರ್ಯವಾದರೆ ಹಿಂದಿನಿಂದ ಹೋಗಿ ತಲೆಗೆ ದೊಣ್ಣೆಯಿಂದ ಒಂದೇಟು ಹಾಕಿ ಎಚ್ಚರ ತಪ್ಪಿಸಬಹುದು. ಆಮೇಲೆ ಹೆಗಲ ಮೇಲೆ ಹೊತ್ತು, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಮಲಗಿಸಿ ಮುಂದೆ ಹೋಗಬೇಕು. ಈ ಹಂತ ಬಹಳ ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಮೊದಲ ದಿನದಿಂದಲೂ ನೀರು ಕುಡಿದಷ್ಟು ಸುಲಭವಾಗಿತ್ತು.

ಯಾಕೆಂದರೆ ತರಬೇತಿ ಮನೆಯಲ್ಲೇ ಆಗಿತ್ತು. ಮೈಸೂರಿನ ನಮ್ಮ ಮನೆಯಲ್ಲಿ ಯಾರಿಗೂ ಮುಖಕ್ಕೆ ಹೊಡೆದ ಹಾಗೆ "ಆಗುವುದಿಲ್ಲ" ಎಂದು ಹೇಳಿದವರಿಲ್ಲ. ನನಗೆ ಬಂದ ಆರು ಗಂಡುಗಳನ್ನು ನಮ್ಮಮ್ಮ "ಜಾತಕ ಕೂಡಿಬರಲಿಲ್ಲ" ಎಂಬ ಒಂದೇ ಮಾತಿನಲ್ಲಿ ಸದ್ದಿಲ್ಲದೆ ಮಲಗಿಸಿದಳು. ಒಬ್ಬನ ಜಾತಕವಂತೂ ಅಂಚೆಯಲ್ಲಿ ಬರುವ ಮೊದಲೇ ಕೂಡಿಬರದೆ ಹೋಯಿತು. ಯಾರಿಗೂ ನೋವಾಗಲಿಲ್ಲ, ಎಲ್ಲರೂ ನನ್ನ ಮದುವೆಗೆ ಬಂದು ಊಟ ಮಾಡಿ ಹೋದರು. ಅಮ್ಮನಿಂದ ನನಗೆ ಬಂದ ಆಸ್ತಿ ಇದು. ಜಾತಕದ ಕಾಲ ಮುಗಿದದ್ದರಿಂದ ನಾನು ಬಳಸುವುದು "ನೋಡೋಣ". ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತೀರಾ ಎಂದವರಿಗೆ ನೋಡೋಣ, ಹಬ್ಬಕ್ಕೆ ನೂರು ಜನರಿಗೆ ಪುಳಿಯೋಗರೆ ಮಾಡಿಕೊಡಿ ಎಂದವರಿಗೆ ನೋಡೋಣ.

ಏಳನೆಯ ಗಂಡನ್ನು ನಾನೇ ಹುಡುಕಿಕೊಂಡಿದ್ದೆ, ಮಂಡ್ಯದವನು. ಅವನು ಆಟ ಆಡುವುದು ಸುಲಭದ ಹಂತದಲ್ಲಿ. ಮುಂಬಾಗಿಲಿನಿಂದಲೇ ಕತ್ತಿ ಹಿರಿದುಕೊಂಡು ಹೋಗಿ ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಕಾಫಿಗೆ ಇಡುತ್ತಾನೆ. ಒಂದು ದಿನ ನನ್ನ ಹಿಂದೆ ನಿಂತು ನೋಡುತ್ತಿದ್ದವನು ಕೇಳಿದ.

"ಅಲ್ಲ ಕಣೇ, ತಲೆಗೆ ಬಾರಿಸಿ ಮೂಲೇಲಿ ಬಿಸಾಕ್ತಿದೀಯ. ಇದ್ಯಾವ ಸೀಮೆ ಅಹಿಂಸೆ?"

"ಸತ್ತಿಲ್ವಲ್ಲ."

"ನೀನು ನಿಂತು ನೋಡಿದ್ಯಾ?"

ಒರಟು ಮನುಷ್ಯ ಎಂದುಕೊಂಡು ಆಟ ಮುಂದುವರಿಸಿದೆ.

ಸಿಡ್ನಿಗೆ ಬರುವ ಮೊದಲು ನಾನು ಮೆಲ್ಬರ್ನಿನಲ್ಲಿದ್ದೆ. ಓದುತ್ತಲೇ ಡ್ಯಾಂಡಿನಾಂಗ್‌ನ ಒಂದು ವೇರ್‌ಹೌಸ್‌ನಲ್ಲಿ ಕೆಲಸಕ್ಕೆ ಸೇರಿ, ಕೊನೆಯ ಹೊತ್ತಿಗೆ ಒಂದು ಶಿಫ್ಟಿನ ಸೂಪರ್‌ವೈಸರ್ ಆಗಿದ್ದೆ. ಆಗ ನನ್ನ ಕೈಕೆಳಗೆ ಬಂದವಳು ಹುಬ್ಬಳ್ಳಿಯ ಒಬ್ಬ ಹುಡುಗಿ, ನನ್ನ ಹಾಗೆಯೇ ಓದಲು ಬಂದವಳು. ಎಲ್ಲರೂ ಎಲ್ಲರಿಗೂ ಆಂಟಿ ಎನ್ನುವ ಊರಿನಲ್ಲಿ ಅವಳು ನನ್ನನ್ನು ಅಕ್ಕಾ ಎಂದಳು, ಅಷ್ಟಕ್ಕೇ ನಾನು ಕರಗಿಹೋದೆ. ಎಂಟು ತಿಂಗಳು ಜೊತೆಗೆ ಕೆಲಸ ಮಾಡಿದೆವು. ಆಮೇಲೆ ನನಗೆ ಇಲ್ಲೇ ಕಾಯಂ ಆಗಿ ನೆಲೆಸಲು ಬಿಡುವ ಪಿಆರ್ ಸಿಕ್ಕಿ, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಸಿಕ್ಕಿ ಸಿಡ್ನಿಗೆ ಬಂದೆ. ಅವಳು ಅಲ್ಲೇ ಉಳಿದು ಒಂದು ವೀಸಾದಿಂದ ಇನ್ನೊಂದು ವೀಸಾಕ್ಕೆ ದಾಟುತ್ತಾ ಏಳು ವರ್ಷ ಕಳೆದಳು.

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಅವಳ ಫೋನ್ ಬಂತು. ಒಂದು ಕೋಲ್ಡ್ ಸ್ಟೋರೇಜ್ ಕಂಪನಿಯಲ್ಲಿ ಸರಕಿನ ಲೆಕ್ಕ ನೋಡಿಕೊಳ್ಳುವ ಕೆಲಸವಿದೆಯಂತೆ. ಕೆಲಸ ಕೊಟ್ಟರೆ ವೀಸಾವನ್ನೂ ಅವರೇ ಸ್ಪಾನ್ಸರ್ ಮಾಡುತ್ತಾರಂತೆ.

"ಇದೊಂದ ಉಳದೈತ್ರಿ ಅಕ್ಕಾ. ಇದು ಆಗಲಿಲ್ಲಂದ್ರ ನಾ ಹುಬ್ಬಳ್ಳಿಗೆ ಹೊಂಡೂದ. ರೆಫರೆನ್ಸಿಗೆ ನಿಮ್ಮ ಹೆಸರು ಕೊಡ್ಲೇನ್ರಿ?"

"ಕೊಡು ಮಾರಾಯ್ತಿ, ಅದಕ್ಕೆಲ್ಲ ಕೇಳಬೇಕಾ?"

"ನಿಮ್ಮ ಕೈಕೆಳಗ ಎರಡು ವರ್ಷ ಮಾಡೀನಿ ಅಂತ ಬರೀತೀನ್ರಿ. ಅವರು ಫೋನ್ ಮಾಡಿದ್ರ ನೀವು ಹೌದು ಅಂದ್ರ ಸಾಕು. ಫಾರ್ಮ್ ಬುಧವಾರ ಕೊಡೂದೈತಿ."

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಸಿಕ್ಕಿಬೀಳುವ ಹೆದರಿಕೆಯಿಂದ. ಆಗುವುದಿಲ್ಲ ಎನ್ನಲಿಕ್ಕೂ ಬರುವುದಿಲ್ಲ, ಅದಕ್ಕೆ ಕಾರಣ ಆಗಲೇ ಹೇಳಿದೆ. "ನೋಡೋಣ ಬಿಡು" ಎಂದೆ. ಅವಳು ಸಂತೋಷದಿಂದ ಎರಡು ಸಲ ಥ್ಯಾಂಕ್ಸ್ ಹೇಳಿ ಫೋನಿಟ್ಟಳು.

ದೋಸೆಗೆ ಚಟ್ನಿ ರುಬ್ಬುತ್ತಿದ್ದ ಗಂಡ ಮಿಕ್ಸಿ ನಿಲ್ಲಿಸಿದ. "ಆಗಲ್ಲ ಅಂತ ಈಗ್ಲೇ ಹೇಳ್ಬಿಡು. ಎಂಟು ತಿಂಗ್ಳು ಅಂತ ಬರಿ, ಬೇಕಾದಷ್ಟು ಹೊಗಳ್ತೀನಿ ಅನ್ನು."

"ಪಾಪ, ನೊಂದ್ಕೋತಾಳೆ."

ಅವನು ಮತ್ತೆ ಮಿಕ್ಸಿ ಹಾಕಿದ. ಬುಧವಾರ ಬಂತು, ಹೋಯಿತು.

ಮುಂದಿನ ವಾರ ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತಿದ್ದೆ. ಗುರುವಾರ ಊಟದ ಬಿಡುವಿನಲ್ಲಿ ಆಟ ತೆರೆದು ಕೋಟೆಯ ತೋಟದೊಳಗೆ ಇಳಿಯುವಾಗ ಮೆಲ್ಬರ್ನಿನ ನಂಬರಿನಿಂದ ಫೋನ್ ಬಂತು. ಎತ್ತಿ ಎಂಟು ತಿಂಗಳು ಎಂದರೆ ಅವಳು ಸುಳ್ಳಿ. ಎರಡು ವರ್ಷ ಎಂದರೆ ನಾನು ಸುಳ್ಳಿ. ಎತ್ತದಿದ್ದರೆ ಯಾರೂ ಏನೂ ಅಲ್ಲ. ಇಷ್ಟು ಅಚ್ಚುಕಟ್ಟಾದ ಪರಿಹಾರ ಹೊಳೆದದ್ದಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಉಸಿರು ಬಿಗಿಹಿಡಿದು ಕೂತಿದ್ದೆ, ಫೋನಿಗೆ ನಾನು ಕಾಣುತ್ತೇನೇನೋ ಎಂಬಂತೆ. ಶುಕ್ರವಾರ ಮತ್ತೆ ಬಂತು. ಒಬ್ಬ ಹೆಂಗಸು ಬಹಳ ಮರ್ಯಾದೆಯಿಂದ, ದಯವಿಟ್ಟು ತಿರುಗಿ ಫೋನ್ ಮಾಡಿ ಎಂದು ಮೆಸೇಜು ಬಿಟ್ಟಿದ್ದಳು. ಸೋಮವಾರ ಇನ್ನೊಮ್ಮೆ ಬಂತು, ಬಹಳ ಹೊತ್ತು ಹೊಡೆದುಕೊಂಡು ನಿಂತಿತು. ಆಮೇಲೆ ಬರಲಿಲ್ಲ.

ಅದೇ ಸೋಮವಾರ ಸಂಜೆ ಆಟದಲ್ಲಿ ಒಂದು ಅನ್ಯಾಯ ನಡೆಯಿತು. ನಾನು ಕೋಟೆಯ ಮೇಲಿನ ಮಹಡಿಯಲ್ಲಿದ್ದೆ, ಸುತ್ತ ನರಪಿಳ್ಳೆಯೂ ಇರಲಿಲ್ಲ. ಇದ್ದಕ್ಕಿದ್ದಂತೆ ಪರದೆಯ ಮೇಲೆ "ಒಬ್ಬ ಸತ್ತ, ನೀನು ಸೋತೆ" ಎಂದು ಬಂತು. ಹಿಂದೆ ಉಳಿಸಿಟ್ಟಿದ್ದ ಆಟ ತೆರೆದು, ಮಲಗಿಸಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹೋಗಿ ನೋಡಿದೆ. ನಾಲ್ಕನೆಯವನನ್ನು ತೋಟದ ಕಾರಂಜಿಯ ಅಂಚಿನಲ್ಲಿ ಮಲಗಿಸಿದ್ದೆ. ಪಾದ ಮುಳುಗುವಷ್ಟು ನೀರು. ಅವನು ಬೋರಲಾಗಿ ಬಿದ್ದಿದ್ದ, ಮುಖ ನೀರಿನಲ್ಲಿತ್ತು.

ತಪ್ಪು ಹುಡುಕುವ ಟೆಸ್ಟಿಂಗ್ ಕೆಲಸದವಳಲ್ಲವೇ, ಇದು ಆಟದ ದೋಷ ಎಂದು ತೀರ್ಮಾನಿಸಿದೆ. ಹಳೆಯ ಆಟಗಾರರು ಸೇರುವ ಒಂದು ವೆಬ್‌ಸೈಟಿನಲ್ಲಿ, ಆಫೀಸಿನಲ್ಲಿ ಬರೆಯುವ ಹಾಗೆಯೇ ಬರೆದು ಹಾಕಿದೆ: "ಆಗಬೇಕಾದದ್ದು: ಕಾವಲುಗಾರ ಎಚ್ಚರ ತಪ್ಪಿ ಮಲಗಿರಬೇಕು. ಆದದ್ದು: ಸತ್ತ." ಯಾರೋ ಉತ್ತರ ಕೊಟ್ಟರು: ದೋಷವಲ್ಲ, ಮಲಗಿಸುವಾಗ ಎಲ್ಲಿ ಮಲಗಿಸುತ್ತೀರಿ ಎಂದು ನೋಡಿ. ಅದನ್ನು ಓದಿ ಮೈಯೆಲ್ಲ ಉರಿದುಹೋಯಿತು. ಹದಿನೈದು ವರ್ಷದ ದಾಖಲೆ ಇರುವವಳಿಗೆ ಇವರು ಪಾಠ ಹೇಳುತ್ತಾರಲ್ಲ ಎಂದು ವಾರವಿಡೀ ಸಿಡಿಮಿಡಿಗೊಂಡೆ.

ಆ ವಾರದ ಕೊನೆಯಲ್ಲಿ ಅವಳ ಮೆಸೇಜು ಬಂತು: "ಅಕ್ಕಾ, ಅದು ಆಗಲಿಲ್ರಿ." ನಾನು ಅಳುವ ಮುಖದ ಚಿತ್ರ ಕಳಿಸಿದೆ. ಅದು ಸಾಲದು ಅನ್ನಿಸಿ ನಮ್ಮವರ ಅಂಗಡಿಗಳಿರುವ ಹ್ಯಾರಿಸ್ ಪಾರ್ಕಿಗೆ ಹೋಗಿ ಒಂದು ಕೇಜಿ ಮೈಸೂರು ಪಾಕ್ ಕಟ್ಟಿಸಿ ಕೊರಿಯರ್ ಮಾಡಿದೆ. ಮಾಡಿದ ಮೇಲೆ ಮನಸ್ಸಿಗೆ ತುಂಬ ನೆಮ್ಮದಿಯಾಯಿತು.

ಎರಡು ತಿಂಗಳ ನಂತರ ಆಫೀಸಿನ ಕೆಲಸಕ್ಕೆಂದು ಮೆಲ್ಬರ್ನಿಗೆ ಹೋದೆ. ಒಂದು ಮಧ್ಯಾಹ್ನ ಟ್ರೈನು ಹಿಡಿದು ಡ್ಯಾಂಡಿನಾಂಗ್‌ಗೆ ಅವಳನ್ನು ನೋಡಲು ಹೋದೆ. ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು, ಹತ್ತು ದಿನದಲ್ಲಿ ಅವಳ ಪ್ರಯಾಣ. ಹಾಗಿದ್ದರೂ ನನಗೆಂದು ರೊಟ್ಟಿ ತಟ್ಟುತ್ತಿದ್ದಳು, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಬಿಸಿ ಬಿಸಿ ಬಡಿಸುತ್ತಾ ಹುಬ್ಬಳ್ಳಿಯಲ್ಲಿ ತಾನು ಏನು ಮಾಡಬೇಕೆಂದಿದ್ದೇನೆ ಎಂದು ನಗುನಗುತ್ತಲೇ ಹೇಳುತ್ತಿದ್ದಳು. ಆ ನಗುವನ್ನು ನನಗೆ ಸಹಿಸಲಾಗಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು.

"ಫೋನ್ ಬಂದಾಗ ನಾನು ಮನೇಲೇ ಇದ್ದೆ ಕಣೇ. ಮೂರು ಸಲಾನೂ ನೋಡ್ದೆ. ಎತ್ತಲಿಲ್ಲ."

ಅವಳು ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಗೊತ್ತೈತ್ರಿ ಅಕ್ಕಾ. ಮೂರನೇ ಸಲ ನಾನ ಅವರಿಗೆ ಕೇಳ್ಕೊಂಡಿದ್ನಿ. ನಮ್ಮಕ್ಕ ಮೀಟಿಂಗ್‌ನ್ಯಾಗ ಇರ್ತಾರ, ಸೋಮವಾರ ಇನ್ನೊಮ್ಮೆ ಮಾಡ್ರಿ ಅಂತ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅವತ್ತ ನೀವು ಆಗೂದಿಲ್ಲ ಅಂದಿದ್ರ ನಂಗ ಸಿಟ್ಟು ಬರ್ತಿತ್ತು. ಎರಡು ದಿನ ನಿಮ್ಮ ಕೂಡ ಮಾತಾಡ್ತಿದ್ದಿಲ್ಲ. ಆಮ್ಯಾಲ ಖರೇ ಎಂಟು ತಿಂಗಳಾ ಅಂತ ಬರದು ಕೊಡ್ತಿದ್ನಿ. ಅವರಿಗೆ ಆರು ತಿಂಗಳಾ ಇದ್ರ ಸಾಕಿತ್ತಂತ್ರಿ. ಬ್ಯಾರೆಯವರಿಗೆ ಕೊಟ್ಟೀವಿ ಅಂತ ಹೇಳಾಕ ಫೋನ್ ಮಾಡಿದಾಗ ಆ ಕಂಪನಿಯಾಕಿನ ಅಂದ್ಲು."

ಎರಡು ದಿನದ ಸಿಟ್ಟು. ಅಷ್ಟನ್ನು ತಡೆದುಕೊಳ್ಳಲು ಧೈರ್ಯವಿಲ್ಲದೆ ನಾನು ಅವಳ ಏಳು ವರ್ಷವನ್ನು ಮುಗಿಸಿದ್ದೆ.

"ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಎಂದು ಅವಳು ಕೇಳಿದಳು. ಬೇಡ ಎನ್ನಲಾಗದೆ ತಟ್ಟೆ ಮುಂದೆ ಹಿಡಿದೆ.