ವೈನಿಯ ಹಪ್ಪಳಕ್ಕೊಂದು ಚೀಟಿ

ಗಚ್ಚಿಯ ಮೇಲೆ ಹಪ್ಪಳ ಒಣಗುವ ಮಧ್ಯಾಹ್ನ ಪಾರಿವಾಳ ಕಾಯುವ ಕೆಲಸ ನನ್ನದು. ಮಡಿಲಲ್ಲಿ ಕೋಲಿಟ್ಟುಕೊಂಡು ನೀರಿನ ಟಾಕಿಯ ನೆರಳಿಗೆ ಒರಗಿದರೆ ಇಂಗಿನ ವಾಸನೆ ಬಿಸಿಲಿನ ಜೊತೆ ಮೇಲೇಳುತ್ತದೆ. ಕೆಳಗೆ ಮಾರ್ಕೆಟ್ ಯಾರ್ಡಿಗೆ ಹೋಗುವ ಲಾರಿಗಳ ಸದ್ದು ಹೊಳೆ ಹರಿದಂತೆ ಕೇಳತೊಡಗುತ್ತದೆ. ವ್ಯಾಪಾರದಲ್ಲಿ ಒಂದು ಮಾತೂ ಬಿಟ್ಟುಕೊಡದವಳು ಆ ಹೊತ್ತಿನಲ್ಲಿ ಯಾರೇನು ಕೇಳಿದರೂ ಹೂಂ ಅಂದುಬಿಡುತ್ತೇನೆ. ಅದಕ್ಕೇ ಹೇಳುತ್ತೇನೆ, ಗಿರಾಕಿಯ ಫೋನನ್ನು ಅರೆನಿದ್ದೆಯಲ್ಲಿ ಎತ್ತಬೇಡಿ.

ಹೋದ ದೀಪಾವಳಿಗೆ ಮುಂಚೆ ನಾನು ಹಾಗೆ ಎತ್ತಿದೆ. ಮಾತಾಡಿದವಳು ತಳೇಗಾಂವದ ಹೊಸ ಕಾಲೊನಿಯ ಮೈಸೂರು ಹುಡುಗಿ. ಅಲ್ಲಿನ ಮನೆಗಳ ಆರ್ಡರೆಲ್ಲ ಒಟ್ಟುಮಾಡಿ ನಮಗೆ ಕೊಡುವವಳು ಅವಳೇ.

"ಆಂಟಿ, ಹಪ್ಪಳದಲ್ಲಿ ಕೆಮಿಕಲ್ ಇರುತ್ತೆ ಅಂತ ಗ್ರೂಪಲ್ಲಿ ಯಾರೋ ವಿಡಿಯೋ ಹಾಕಿದ್ದಾರೆ, ಎಲ್ರಿಗೂ ಟೆನ್ಷನ್. ಪ್ಯಾಕೆಟ್ ಮೇಲೆ ಇಂಗ್ರೀಡಿಯೆಂಟ್ಸ್ ಹಾಕಿಸಿ, ಕೆಳಗೆ 'ನೋ ಕೆಮಿಕಲ್ಸ್' ಅಂತ. ಅಷ್ಟಿದ್ರೆ ಆರ್ಡರ್ ಪಕ್ಕಾ."

ಹೂಂ ಅಂದೆ.

ಹಪ್ಪಳ ವೈನಿಯದು, ನನ್ನ ಅತ್ತಿಗೆಯದು. ಅಣ್ಣ ತೀರಿಕೊಂಡ ಮೇಲೆ ಅವರು ವಿಜಯಪುರದಿಂದ ಈ ಮರಾಠಿ ಊರಿನ ನನ್ನ ಮನೆಗೆ ಬಂದರು, ಲಟ್ಟಿಸುವುದು ಅವರ ಕೆಲಸವಾಯಿತು, ಮಾರುವುದು ನನ್ನದು. ಅಂಗಡಿಗಳೆಲ್ಲ ಮಷಿನ್ ಹಪ್ಪಳಕ್ಕೆ ಹೊರಳಿ ನಮ್ಮ ಪಾಲಿಗೆ ಆ ಕಾಲೊನಿಯೊಂದೇ ಉಳಿದಿತ್ತು. ಅದೂ ಹೋದರೆ ವೈನಿ ಸುಮ್ಮನೆ ಕೂರಬೇಕು. ಸುಮ್ಮನೆ ಕೂತು ಉಣ್ಣುವುದು ಅವರಿಗೆ ಆಗದ ಮಾತು.

ಸಂಜೆ ವೈನಿ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಉದ್ದಿನ ಹಿಟ್ಟು, ಮೆಣಸು, ಇಂಗು, ಉಪ್ಪು, ಎಣ್ಣೆ, ನೀರು. ಸ್ವಾರಗೇಟದ ಪ್ರಿಂಟಿಂಗ್ ಅಂಗಡಿಗೆ ಹೊರಟವಳು ದಾರಿಯಲ್ಲಿ ಕಿರಾಣಿ ಅಂಗಡಿ ಹೊಕ್ಕೆ. ಅಲ್ಲಿ ಪಾಪಡಖಾರದ ಪ್ಯಾಕೆಟ್ ಕೈಗೆ ಬಂತು. ಹಪ್ಪಳ ಹಗುರಾಗಿ ಅರಳಲಿ ಅಂತ ಹಾಕುವ ಬಿಳಿ ಪುಡಿ ಅದು, ಸೋಡಾದ ಜಾತಿಯದು. ವೈನಿ ಹಿಂದಿನ ರಾತ್ರಿಯೇ ಅದನ್ನು ಉಪ್ಪಿನ ಜೊತೆ ನೀರಿಗೆ ಹಾಕಿ ಕುದಿಸಿ ಆರಲು ಬಿಡುತ್ತಾರೆ. ಬೆಳಿಗ್ಗೆ ಹಿಟ್ಟು ಕಲಸುವಾಗ ಅವರ ಲೆಕ್ಕಕ್ಕೆ ಅದು ಬರೀ ನೀರು. ಹಾಗಾಗಿ ಬಾಯಲ್ಲಿ ಹೆಸರೇ ಬಂದಿರಲಿಲ್ಲ. ಪ್ಯಾಕೆಟ್ಟಿನ ಬೆನ್ನ ಮೇಲೆ ಮಾತ್ರ ಸಣ್ಣಕ್ಷರದಲ್ಲಿ ಸೋಡಿಯಂ ಕಾರ್ಬೊನೇಟ್ ಅಂತಿತ್ತು, ಪಕ್ಕದಲ್ಲಿ ಆಹಾರಕ್ಕೆ ಸೇರಿಸುವ ಕೆಮಿಕಲ್ಲಿಗೆ ಕೊಡುವ ನಂಬರು. ಪ್ರಿಂಟಿಂಗ್ ಅಂಗಡಿಗೆ ಹೋಗದೆ ತಿರುಗಿ ಬಂದೆ.

"ಅದೇನ ಕೆಮಿಕಲ್ಲೇನವಾ?" ವೈನಿ ನಕ್ಕರು. "ನಮ್ಮವ್ವನೂ ಹಾಕತಿದ್ದಳು."

"ಅವ್ವ ಹಾಕಿದ್ರ ನಂಬರ್ ಅಳಿಸಿ ಹೋಗೂದಿಲ್ರೀ ವೈನಿ."

"ಹಂಗಾರ ಬಿಟ್ಟ ಮಾಡೂಣು."

ಮರುದಿನ ಪಾಪಡಖಾರ ಬಿಟ್ಟು ಸ್ವಲ್ಪ ಹಿಟ್ಟು ಕಲಸಿದರು. ಒಣಗಿದ್ದನ್ನು ಎಣ್ಣೆಗೆ ಬಿಟ್ಟರೆ ಅರಳಲೇ ಇಲ್ಲ, ಕೆಂಪಗೆ ಬಿಗಿದುಕೊಂಡು ಕೂತಿತು. ವೈನಿ ಒಂದು ತುಂಡು ಕಡಿದು ದವಡೆ ಹಿಡಿದುಕೊಂಡರು.

"ಇದನ್ನ ಮಾಡಿನ ಮ್ಯಾಲೆ ಹೊಚ್ಚು. ಭಾಳ ವರ್ಷ ಬಾಳತದ."

ನಕ್ಕೆವು. ಎಣ್ಣೆಯ ಹೊಗೆಯಲ್ಲಿ ಅಡುಗೆಮನೆ ಮಸುಕಾಗಿ, ವೈನಿ ತೀರಾ ದೂರದಲ್ಲಿ ಕೂತವರಂತೆ ಕಂಡರು.

ನನ್ನ ಅನುಭವದ ಮಾತು: ಮುಚ್ಚಿ ಮಾರಿದ ಮಾಲನ್ನು ಕಾಯುತ್ತಾ ಕೂರಬೇಕಾಗುತ್ತದೆ, ಬಿಚ್ಚಿಟ್ಟು ಮಾರಿದರೆ ರಾತ್ರಿ ನಿದ್ದೆ ಬರುತ್ತದೆ. ಚೀಟಿಯಲ್ಲಿ ಎಲ್ಲವನ್ನೂ ಹಾಕಿಸಿದೆ. ಪಾಪಡಖಾರ, ಸೋಡಿಯಂ ಕಾರ್ಬೊನೇಟ್, ನಂಬರು, ಎಲ್ಲ ಒಂದೇ ಅಳತೆಯ ಅಕ್ಷರದಲ್ಲಿ. 'ನೋ ಕೆಮಿಕಲ್ಸ್' ಹಾಕಿಸಲಿಲ್ಲ.

ಹುಡುಗಿ ಕಾರಿನಲ್ಲಿ ಬಂದಳು. ಚೀಟಿ ಓದಿ ಮುಖ ಸಣ್ಣದು ಮಾಡಿದಳು.

"ಅಯ್ಯೋ ಆಂಟಿ, ನಂಬರ್ ನೋಡಿದ್ರೇ ಓಡ್ತಾರೆ. ಬೇರೆಯವರು ಯಾರೂ ಹೀಗೆ ಹಾಕಲ್ಲ."

"ಹಾಕಿದವರಿಗೆ ಯಾಕ ಅಂಜತೀಯವಾ? ಹಾಕದವರಿಗೆ ಅಂಜು."

"ಮಕ್ಕಳಿಗೆ ಕೊಡಬಹುದಾ? ನಿಜ ಹೇಳಿ."

"ಊಟದ ಜೋಡಿ ಒಂದ ಹಪ್ಪಳ ಕೊಡು. ಹಪ್ಪಳನ ಊಟ ಮಾಡಬ್ಯಾಡ. ಉಪ್ಪೂ ಅದರಾಗ ಭಾಳ ಇರತದ, ಅದನ್ನ ಯಾರೂ ಕೇಳಂಗಿಲ್ಲ ನೋಡು."

ಅವಳು ಚೀಟಿಯ ಫೋಟೋ ತೆಗೆದು ಅಲ್ಲೇ ಗ್ರೂಪಿಗೆ ಹಾಕಿದಳು. ವೈನಿ ಬಾಗಿಲಲ್ಲಿ ನಿಂತು, ಆ ಫೋನಿನಿಂದ ಯಾರೋ ಇಳಿದು ಬರುತ್ತಾರೇನೋ ಎಂಬಂತೆ ನೋಡುತ್ತಿದ್ದರು. ನಮಗೆ ಉತ್ತರ ಬಂದದ್ದು ಎರಡು ದಿನ ಬಿಟ್ಟು. ಅರ್ಧ ಮನೆಗಳು ಬೇಡವೆಂದಿದ್ದವು. ಉಳಿದ ಅರ್ಧ ಬೇಕೆಂದಿದ್ದವು, ಹುಡುಗಿಯದೂ ಸೇರಿ.

ಬೇಡವೆಂದವರನ್ನು ಒಲಿಸುವ ಮಾತುಗಳು ನನ್ನ ತಲೆಯಲ್ಲಿ ಆಗಲೇ ಸಾಲುಗಟ್ಟಿದ್ದವು. ಸುದ್ದಿ ಹೇಳಿದಾಗ ವೈನಿ ಕಿಟಕಿಯ ಬಳಿ ಕೂತು ಮೆಣಸು ಆರಿಸುತ್ತಿದ್ದರು. ಸಂಜೆಯ ಬೆಳಕು ಅವರ ಮೊಣಕೈಯವರೆಗೆ ಹತ್ತಿತ್ತು.

"ಬೇಕಂದವರ ಮನ್ಯಾಗ ಹುಡುಗರು ಅದಾವೇನು?"

"ಇರಬೇಕ್ರಿ."

"ಹಂಗಾರ ಮೆಣಸ ಒಂದೀಟ ಕಡಿಮಿ ಹಾಕತೀನಿ," ಅಂದು ಸೆರಗು ಸಿಕ್ಕಿಸಿಕೊಂಡು ಎದ್ದರು.